ಆಟ ಕಟ್ಟುವವರಿಗೆ ಲಿನಕ್ಸೋ, ವಿಂಡೋಸೋ?

ಗಣಕಯಂತ್ರದ ಆಟಗಳು ಕೇವಲ ಕಾಲಹರಣದ ಸಾಧನವೆಂದು ಹಿರಿಯರು ಹೇಳುವುದುಂಟು. ಆದರೆ ಆಟವನ್ನು ಆಡುವುದು ಬೇರೆ, ಕಟ್ಟುವುದು ಬೇರೆ. ಕಟ್ಟುವ ಕೆಲಸದಲ್ಲಿ ಕಥೆ, ಚಿತ್ರ, ಸಂಗೀತ, ಗಣಿತ ಎಲ್ಲವೂ ಕೂಡಿಕೊಳ್ಳುತ್ತವೆ. ಆದುದರಿಂದ ಕಲಾ ವಿಭಾಗದ ನಮಗೂ ಅಲ್ಲಿ ಸ್ಥಾನವುಂಟು. ಈ ಕೆಲಸಕ್ಕೆ ಕೈಹಾಕಬಯಸುವ ಮಿತ್ರರು ಮೊದಲು ಕೇಳುವ ಪ್ರಶ್ನೆ ಒಂದೇ: ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಯಾವುದಿರಬೇಕು, ವಿಂಡೋಸೋ ಲಿನಕ್ಸೋ?

ವಿಂಡೋಸಿನ ಪಕ್ಷ ದುರ್ಬಲವಾದುದೇನೂ ಅಲ್ಲ. ೧೯೯೫ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಆಟಗಳಿಗೆಂದೇ ಡೈರೆಕ್ಟ್‌ಎಕ್ಸ್ ಎಂಬ ಸಾಧನವನ್ನು ಹೊರತಂದ ಮೇಲೆ ಗಣಕಯಂತ್ರದ ಆಟಗಳಿಗೆ ವಿಂಡೋಸೇ ತವರುಮನೆಯಾಯಿತು. ಸ್ಟೀಮ್ ಎಂಬ ಬಹು ದೊಡ್ಡ ಆಟದಂಗಡಿಯ ಗಿರಾಕಿಗಳಲ್ಲಿ ಇಂದಿಗೂ ನೂರಕ್ಕೆ ೯೦ಕ್ಕಿಂತ ಹೆಚ್ಚು ಮಂದಿ ಅದನ್ನೇ ಬಳಸುತ್ತಾರೆ. ದೊಡ್ಡ ಕಂಪನಿಗಳು ನೆಚ್ಚಿಕೊಂಡಿರುವ ವಿಷುಯಲ್ ಸ್ಟುಡಿಯೋ, ಫೋಟೋಶಾಪ್ ಮೊದಲಾದವು ಲಿನಕ್ಸಿಗೆ ಬಂದೇ ಇಲ್ಲ. ಅಂತಹ ಕಡೆ ನೌಕರಿ ಬಯಸುವವರು ವಿಂಡೋಸನ್ನು ಅರಿಯದೆ ವಿಧಿಯಿಲ್ಲ.

ಇಷ್ಟನ್ನೂ ಒಪ್ಪಿಕೊಂಡೇ, ಕಲಿಯುವ ಬಡ ವಿದ್ಯಾರ್ಥಿಗೆ ಲಿನಕ್ಸೇ ಮೇಲೆಂದು ನಾನು ಹೇಳಬಯಸುತ್ತೇನೆ. ೧೯೯೧ರಲ್ಲಿ ಅದನ್ನು ಆರಂಭಿಸಿದ ಲೈನಸ್ ಟೋರ್ವಾಲ್ಡ್ಸ್ ಅವರು ಆಗ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ವಯಸ್ಸು ೨೧, ಹೆಚ್ಚು ಕಡಮೆ ನಮ್ಮದೇ. ಅದಕ್ಕೆ ಬೆಲೆ ತೆರಬೇಕಾಗಿಲ್ಲ. ಹಳೆಯ ಯಂತ್ರಗಳ ಮೇಲೂ ಅದು ನಡೆಯುತ್ತದೆ. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಮುಂದಿನ ವಿಂಡೋಸ್ ೧೧ ಎಷ್ಟೋ ಹಳೆಯ ಯಂತ್ರಗಳನ್ನು ಒಲ್ಲೆನೆನ್ನುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಮನೆಯವರಿಗೆ ಇದು ಸಣ್ಣ ಮಾತಲ್ಲ.

ಸಲಕರಣೆಗಳಿಗೂ ಬರವಿಲ್ಲ. ಬಳಕೆದಾರರೇ ೧,೦೦,೦೦೦ ಯೂರೋ ಚಂದಾ ಕೂಡಿಸಿ ೨೦೦೨ರಲ್ಲಿ ಬಂಧಮುಕ್ತಗೊಳಿಸಿದ ಬ್ಲೆಂಡರ್ ಚಿತ್ರರಚನೆಗಿದೆ. ಆಟ ಕಟ್ಟಲು, ಬೆಕೆಟ್ಟನ ನಾಟಕದಿಂದ ಹೆಸರು ಪಡೆದ ಗೋಡೋ ಇದೆ. ಅರ್ಜೆಂಟೀನಾದ ಇಬ್ಬರು ರಚಿಸಿದ ಅದು ೨೦೧೪ರಿಂದ ಎಲ್ಲರಿಗೂ ಮುಕ್ತ. ೨೦೨೩ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಿಂದ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಮೂಡುವಂತಾಗಿದೆ. ಲಿನಕ್ಸಿನಲ್ಲಿ ಕುಳಿತೇ ವಿಂಡೋಸಿಗೆ ಬೇಕಾದ ಪ್ರತಿಯನ್ನು ಅದು ಸಿದ್ಧಪಡಿಸಿಕೊಡುತ್ತದೆ. ಹೊರಬಿಡುವ ಮುನ್ನ ವಿಂಡೋಸ್ ಯಂತ್ರದ ಮೇಲೆ ಒಮ್ಮೆ ಆಡಿ ಪರೀಕ್ಷಿಸುವುದು ಮಾತ್ರ ಅವಶ್ಯ; ಆಡುವವರು ಅಲ್ಲಿರುವರಷ್ಟೆ.

ಇವೆಲ್ಲಕ್ಕೂ ಮಿಗಿಲಾದ ಕಾರಣ ಇನ್ನೊಂದಿದೆ. ಬೆಲೆ ತೆರಲಾರದ ವಿದ್ಯಾರ್ಥಿಗಳಲ್ಲಿ ಅನೇಕರು ಕದ್ದ ಪ್ರತಿಗಳನ್ನು ಯಂತ್ರಕ್ಕೆ ಹಾಕಿಸಿಕೊಳ್ಳುತ್ತಾರೆಂಬುದು ಎಲ್ಲರೂ ಬಲ್ಲ ಗುಟ್ಟು. ಬಡತನವೇ ಅದಕ್ಕೆ ಸಮಾಧಾನವೆಂದು ಹೇಳುವರು. ಆದರೆ ಕದ್ದ ಉಳಿಯಿಂದ ವಿಗ್ರಹ ಕೆತ್ತಿದವನು, ನಾಳೆ ಆ ವಿಗ್ರಹವನ್ನೇ ಯಾರಾದರೂ ಹೊತ್ತೊಯ್ದರೆ ಯಾವ ಬಾಯಿಂದ ದೂರುವನು? ತಾನು ಕಟ್ಟಿದ ಆಟಕ್ಕೆ ಪ್ರತಿಫಲ ಬಯಸುವವರು ಇನ್ನೊಬ್ಬರ ಶ್ರಮಕ್ಕೂ ಪ್ರತಿಫಲ ಸಲ್ಲಬೇಕೆಂದು ಒಪ್ಪಬೇಡವೆ? ಪ್ರಾಮಾಣಿಕವಾದ ಬಡತನಕ್ಕೆ ಲಿನಕ್ಸ್ ಒಂದು ರಾಜಮಾರ್ಗವನ್ನೇ ತೆರೆದಿದೆ. ಮಾರ್ಗವಿಲ್ಲದಿದ್ದಾಗ ಹೇಳಬಹುದಾಗಿದ್ದ ನೆಪವನ್ನು ಮಾರ್ಗವಿರುವಾಗ ಹೇಳುವುದು ನಮಗೆ ತಕ್ಕುದಲ್ಲ.

ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳು ನೆರೆಹೊರೆಯವರಂತೆ ಇರಬಲ್ಲವು. ಕಾಲೇಜಿನ ಗಣಕಯಂತ್ರಗಳಲ್ಲಿ ವಿಂಡೋಸಿನ ಪಕ್ಕದಲ್ಲಿ ಲಿನಕ್ಸಿಗೂ ಒಂದಿಷ್ಟು ಜಾಗ ಕೊಟ್ಟರೆ, ಮನೆಯಲ್ಲಿ ಯಂತ್ರವಿಲ್ಲದವರೂ ಎರಡನ್ನೂ ಕಲಿಯಬಹುದು. ಗುರುಗಳು ಈ ಕಡೆ ಗಮನ ಹರಿಸಬೇಕೆಂದು ವಿನಂತಿ. ಉಳಿದುದು ನಮ್ಮ ಕೆಲಸ. ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ ವ್ಯವಸ್ಥೆಯನ್ನು ದೂರುತ್ತ ಕೂರದೆ, ಈ ರಜೆಯಲ್ಲಿ ಒಂದು ಚಿಕ್ಕ ಆಟವನ್ನಾದರೂ ಕಟ್ಟಿ ಮುಗಿಸೋಣ.