ಹೆಸರು ಬರುವಾಗ ಗಲಾಟೆ ಬೇಡ

ಸಿನಿಮಾದ ಆರಂಭದಲ್ಲಿ ಹೆಸರು ಬರುವಾಗ ನಮ್ಮಲ್ಲಿ ಅನೇಕರು ಗಲಾಟೆ ಮಾಡುತ್ತಾರೆ. ಕಥೆ ಇನ್ನೂ ಶುರುವಾಗಿಲ್ಲ ಕಣೋ ಅಂತಾರೆ. ನಾನು ಒಪ್ಪಲ್ಲ. ವಿಜ್ಞಾನದ ಸಿನಿಮಾಗಳಲ್ಲಿ ಕಥೆ ಅಲ್ಲಿಂದಲೇ ಶುರು. 1977ರ ‘ಸ್ಟಾರ್ ವಾರ್ಸ್’ನಲ್ಲಿ ಜೋರು ವಾದ್ಯದ ಜೊತೆ ಹಳದಿ ಅಕ್ಷರಗಳು ಕೆಳಗಿನಿಂದ ಎದ್ದು ನಕ್ಷತ್ರಗಳ ಕಡೆ ದೂರ ಹೋಗುತ್ತವೆ. ನಾವೂ ಹೊರಡೋಣ ಅನಿಸುತ್ತೆ. 1979ರ ‘ಏಲಿಯನ್’ನಲ್ಲಿ ಕತ್ತಲ ಆಕಾಶ. ಇಂಗ್ಲಿಷಿನ ಐದೇ ಅಕ್ಷರದ ಹೆಸರು. ಅದೂ ಒಂದೊಂದೇ ಗೀಟಾಗಿ ನಿಧಾನವಾಗಿ ಮೂಡುತ್ತದೆ. ಏನೋ ಕಾದು ಕೂತಿದೆ ಅಂತ ಎದೆ ಡವಡವ ಅನ್ನುತ್ತೆ. ಎರಡರಲ್ಲೂ ಇರೋದು ಆಕಾಶ, ಅಕ್ಷರ. ಒಂದು ಕರೆಯುತ್ತದೆ, ಇನ್ನೊಂದು ಹೆದರಿಸುತ್ತದೆ. ಹೀಗೆ ಹೆಸರು ಬರೆದವರೂ ಕಥೆ ಹೇಳುವವರೇ. ಆದ್ದರಿಂದ ಗೆಳೆಯರೇ, ಶಾಲೆಯಲ್ಲಿ ಸಿನಿಮಾ ತೋರಿಸುವಾಗ ಮೊದಲಿಂದಲೇ ಸುಮ್ಮನಿರೋಣ. ಗುರುಗಳೇ, ಹೊತ್ತಾಯಿತೆಂದು ಹೆಸರುಗಳನ್ನು ಓಡಿಸಬೇಡಿ.

– 7ನೇ ತರಗತಿ