ಅನಿಕೇತನ ಕವಿಯ ಮನೆಗೆ ಒಂದು ದಿನದ ಯಾತ್ರೆ

ನಮ್ಮ ಪ್ರಾಚೀನ ಕವಿಗಳು ಕಾವ್ಯಗಳನ್ನು ಬಿಟ್ಟುಹೋದರೇ ಹೊರತು ಮನೆಗಳನ್ನು ಬಿಟ್ಟುಹೋಗಲಿಲ್ಲ. ಪಂಪನನ್ನು ನೆನೆದು ಬನವಾಸಿಗೆ ಹೋದವರು ಮಧುಕೇಶ್ವರನ ಗುಡಿಯನ್ನೂ ವರದೆಯ ಹರಿವನ್ನೂ ಕಂಡು, ಕವಿಯನ್ನು ಮನಸ್ಸಿನಲ್ಲೇ ಊಹಿಸಿಕೊಂಡು ಹಿಂದಿರುಗಬೇಕು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನದೆಂದು ಜನ ತೋರಿಸುವ ಕಂಬವೊಂದುಂಟು. ಅಷ್ಟು ದೊಡ್ಡ ಭಾರತಕ್ಕೆ ಆ ಒಂದು ಕಂಬವೇ ಸಾಕಾಯಿತು. ಆಧುನಿಕ ಕವಿಗಳ ವಿಷಯ ಹಾಗಲ್ಲ. ಅವರ ಮನೆಗಳು ನಿಂತಿವೆ, ಅವರು ಬಳಸಿದ ವಸ್ತುಗಳು ಉಳಿದಿವೆ, ಅವರು ತಿರುಗಾಡಿದ ಬೆಟ್ಟಗಳಿಗೆ ಫಲಕಗಳು ಬಂದಿವೆ. ಬೆಳಗ್ಗೆ ಹೊರಟು ರಾತ್ರಿ ಮನೆ ಸೇರುವಂತೆ ಕವಿಯನ್ನು ‘ನೋಡಿ ಬರುವ’ ಪ್ರವಾಸಗಳೂ ಏರ್ಪಡುತ್ತಿವೆ. ಇದು ಸಂತೋಷದ ವಿಷಯವೇ. ಆದರೆ ಹೀಗೆ ನಾವು ನೋಡುತ್ತಿರುವುದೇನು, ನೋಡದೆ ಹಿಂದಿರುಗುತ್ತಿರುವುದೇನು ಎಂಬುದನ್ನು ವಿಚಾರಮಾಡುವ ಕಾಲ ಬಂದಿದೆ ಎಂದು ನನಗೆ ತೋರುತ್ತದೆ.

ಕುವೆಂಪು ಅವರ ಕುಪ್ಪಳಿಯನ್ನೇ ತೆಗೆದುಕೊಳ್ಳೋಣ. ಕನ್ನಡ ಓದುವ ವಿದ್ಯಾರ್ಥಿಗಳಿಗೆ ಅದಕ್ಕಿಂತ ಮಿಗಿಲಾದ ಯಾತ್ರಾಸ್ಥಳ ಬೇರೆ ಇಲ್ಲ. ಕವಿ ಜನಿಸಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ. ಮೂರು ಅಂತಸ್ತಿನ ಆ ದೊಡ್ಡ ತೊಟ್ಟಿಮನೆಯನ್ನು ಜೀರ್ಣೋದ್ಧಾರ ಮಾಡಿ ‘ಕವಿಮನೆ’ ಎಂಬ ಹೆಸರಿನಲ್ಲಿ ಕಾಪಾಡಿಕೊಂಡು ಬಂದಿರುವ ಕುವೆಂಪು ಪ್ರತಿಷ್ಠಾನಕ್ಕೆ ಕನ್ನಡಿಗರು ಕೃತಜ್ಞರಾಗಿರಬೇಕು. ಮನೆಯ ಹಿಂದಣ ಬೆಟ್ಟವೇ ಕವಿಶೈಲ. ಅಲ್ಲಿಯ ಬಂಡೆಯಲ್ಲಿ ಕುವೆಂಪು ಅವರ ಹೆಸರಿನೊಡನೆ ಅವರ ಗುರುಗಳಾದ ಬಿ.ಎಂ.ಶ್ರೀ. ಮತ್ತು ಟಿ.ಎಸ್.ವೆಂಕಣ್ಣಯ್ಯನವರ ಹೆಸರುಗಳೂ ಕೊರೆಯಲ್ಪಟ್ಟಿವೆ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡ ಕವಿಯ ಅಂತ್ಯಸಂಸ್ಕಾರ ನಡೆದದ್ದೂ ಆ ಬೆಟ್ಟದ ಮೇಲೆಯೇ. ಕಲಾವಿದ ಕೆ.ಟಿ.ಶಿವಪ್ರಸಾದರು ರೂಪಿಸಿದ ಹೆಬ್ಬಂಡೆಗಳ ಸ್ಮಾರಕ ಅಲ್ಲಿದೆ. ಸನಿಹದಲ್ಲೇ 2007ರಲ್ಲಿ ನಿಧನರಾದ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಉಂಟು.

ಇಂಥ ಸ್ಥಳಕ್ಕೆ ನಮ್ಮ ಒಂದು ದಿನದ ಪ್ರವಾಸ ಎಷ್ಟು ಹೊತ್ತನ್ನು ಕೊಡುತ್ತದೆ? ವಿದ್ಯಾರ್ಥಿಗಳೊಡನೆ ನಾನು ಹೋದ ಪ್ರವಾಸಗಳ ಕಾರ್ಯಕ್ರಮಪಟ್ಟಿ ಹೆಚ್ಚು ಕಡಿಮೆ ಒಂದೇ ತೆರನಾಗಿರುತ್ತದೆ. ಶಿವಮೊಗ್ಗೆಯಿಂದ ಬೆಳಗ್ಗೆ ಹೊರಟ ಬಸ್ಸು ಮೊದಲು ನಿಲ್ಲುವುದು ಸಕ್ರೆಬೈಲಿನ ಆನೆ ಬಿಡಾರದಲ್ಲಿ. ಅನಂತರ ಮಂಡಗದ್ದೆಯ ಹಕ್ಕಿಗಳು, ತೀರ್ಥಹಳ್ಳಿಯಲ್ಲಿ ಊಟ, ಅಲ್ಲಿಂದ ಕೊಪ್ಪದ ದಾರಿ ಹಿಡಿದು ಕುಪ್ಪಳಿ. ಕವಿಮನೆಗೂ ಕವಿಶೈಲಕ್ಕೂ ಸೇರಿ ಒಂದು ಗಂಟೆ, ಬಹಳವೆಂದರೆ ಒಂದೂವರೆ ಗಂಟೆ. ಆಮೇಲೆ ಮಾರ್ಗದರ್ಶಿ ಕೈಗಡಿಯಾರ ನೋಡಿಕೊಂಡು ಎಲ್ಲರನ್ನೂ ಅವಸರಪಡಿಸುತ್ತಾನೆ. ಆಗುಂಬೆಯ ಸೂರ್ಯಾಸ್ತ ತಪ್ಪಿಹೋದೀತೆಂಬ ಭಯ ಅವನಿಗೆ. ಯಾವ ಬಂಡೆಯ ಮೇಲೆ ಕುಳಿತು ಕವಿ ಲೆಕ್ಕವಿಲ್ಲದಷ್ಟು ಸಂಜೆಗಳನ್ನು ಕಂಡನೋ, ಯಾವ ಬೆಟ್ಟದ ಹೆಸರಿನಲ್ಲಿ ಸಾನೆಟ್ಟುಗಳನ್ನು ಬರೆದನೋ, ಆ ಬಂಡೆಯಿಂದ ನಡುಮಧ್ಯಾಹ್ನದಲ್ಲಿ ನಮ್ಮನ್ನು ಎಬ್ಬಿಸಿ, ಬೇರೊಂದು ಊರಿನ ಸೂರ್ಯಾಸ್ತಕ್ಕೆ ಓಡಿಸಲಾಗುತ್ತದೆ!

ಇದು ಕೇವಲ ವೇಳೆಯ ಪ್ರಶ್ನೆಯಲ್ಲ. ತಮ್ಮ ಮೈಸೂರಿನ ಮನೆಗೆ ‘ಉದಯರವಿ’ ಎಂದು ಹೆಸರಿಟ್ಟ ಕವಿ ಅವರು. ಅವರ ಕಾವ್ಯದಲ್ಲಿ ಬೆಳಗು ಬೈಗುಗಳು ಹಿನ್ನೆಲೆಯ ಚಿತ್ರಗಳಲ್ಲ. ಅವೇ ಕಾವ್ಯದ ಅನುಭವ. ಕವಿಶೈಲದ ಬೈಗನ್ನೂ ನವಿಲುಕಲ್ಲಿನ ಬೆಳಗನ್ನೂ ಕಾಣದವನು ಕುಪ್ಪಳಿಯನ್ನು ಕಂಡನೆಂದು ಹೇಗೆ ಹೇಳುವುದು? ನಾವು ಅಲ್ಲಿಗೆ ತಲುಪುವ ಹೊತ್ತು ಬಿಸಿಲು ನೆತ್ತಿಗೇರಿ, ಹಕ್ಕಿಗಳು ಮೌನವಾಗಿ, ಬೆಟ್ಟಗಳು ಒಂದರೊಳಗೊಂದು ಬೆರೆತು ಮಂಕಾಗಿರುವ ಹೊತ್ತು. ಕವಿಯ ಮನೆ ನಮಗೆ ದೊರೆಯುತ್ತದೆ, ಕವಿಯ ಗಳಿಗೆ ಕೈತಪ್ಪಿಹೋಗುತ್ತದೆ.

ಆದರೆ ಇದಕ್ಕಿಂತ ಗಹನವಾದ ಪ್ರಶ್ನೆ ಇನ್ನೊಂದುಂಟು. ಕುವೆಂಪು ಅವರ ಕವಿತೆಗಳಲ್ಲಿ ನಾಡಿನ ಮನೆಮಾತಾಗಿರುವುದು ‘ಅನಿಕೇತನ’. ಭಗವದ್ಗೀತೆಯ ಭಕ್ತಲಕ್ಷಣದಲ್ಲಿ ಕಾಣಬರುವ ‘ಅನಿಕೇತ’ ಎಂಬುದನ್ನು ನೆನಪಿಸುವ ಆ ಪದದ ಅರ್ಥ ಮನೆಯಿಲ್ಲದವನು, ಯಾವ ಮನೆಗೂ ಅಂಟಿಕೊಳ್ಳದವನು ಎಂದು. ಅಂಥ ಕವಿಯ ಮನೆಗಳನ್ನು ನೋಡಲು ನಾವು ಬಸ್ಸು ಹತ್ತಿ ಹೋಗುತ್ತಿದ್ದೇವೆ. ಇದು ನಗೆಯಾಡಿ ಬಿಡುವ ವಿರೋಧಾಭಾಸವಲ್ಲ. ಕುಪ್ಪಳಿಯ ಮನೆ ಜಮೀನ್ದಾರರಾದ ಗೌಡರ ಮನೆ. ಅದರ ಜಗಲಿ, ಉಪ್ಪರಿಗೆ, ಕೆತ್ತನೆಯ ಕಂಬಗಳು ಎಲ್ಲವೂ ಒಂದು ಸಿರಿವಂತ ಬಾಳಿನ ಗುರುತುಗಳು. ಆ ಮನೆಯಲ್ಲಿ ಬೆಳೆದ ಬಾಲಕ ಮುಂದೆ ಕವಿಯಾದಾಗ ಆತನ ಪ್ರತಿಭೆ ಆ ಹೆಬ್ಬಾಗಿಲನ್ನು ದಾಟಿ ಹೊರಗೆ ನಡೆಯಿತು. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಕಾಲಿಟ್ಟ ಆ ದಾರಿಯಲ್ಲಿ 1967ರ ‘ಮಲೆಗಳಲ್ಲಿ ಮದುಮಗಳು’ ಬಹುದೂರ ಸಾಗಿತು. ಆ ಮಹಾಕಾದಂಬರಿ ಆರಂಭವಾಗುವುದು ಯಾವ ಗೌಡರ ಜಗಲಿಯಿಂದಲೂ ಅಲ್ಲ. ಹೊಲೆಯರ ಗುತ್ತಿ ಮತ್ತು ಅವನ ನಾಯಿ ಹುಲಿಯ ಅವರೊಡನೆ ನಾವು ಕಾಡುದಾರಿಯಲ್ಲಿ ನಡೆಯುತ್ತೇವೆ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಇವರ ಪ್ರೇಮಕ್ಕೆ ಗೌಡರ ಮನೆಯ ಮುಕುಂದಯ್ಯ ಚಿನ್ನಮ್ಮರ ಪ್ರೇಮದಷ್ಟೇ ಘನತೆ ಅಲ್ಲಿ ಸಂದಿದೆ.

ಒಮ್ಮೆ ಕವಿಮನೆಯ ಅಂಗಳದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಮಾರ್ಗದರ್ಶಿಯನ್ನು ಕೇಳಿದಳು: “ಗುತ್ತಿಯ ಬಿಡಾರ ಯಾವ ಕಡೆಗೆ ಬರುತ್ತದೆ?” ಆತ ಸಜ್ಜನ, ನಕ್ಕು, “ಅದೆಲ್ಲ ಕಥೆಯಲ್ಲಿ ಬರೋದಮ್ಮಾ, ಇಲ್ಲಿ ನೋಡೋಕೆ ಏನೂ ಇಲ್ಲ” ಎಂದ. ಅವನ ಮಾತು ಸುಳ್ಳಲ್ಲ. ಗುತ್ತಿ ಕಾದಂಬರಿಯ ಪಾತ್ರ, ಅವನ ಬಿಡಾರಕ್ಕೆ ಫಲಕ ನೆಡಲಾಗದು. ಆದರೆ ಮಲೆನಾಡಿನಲ್ಲಿ ಬಿಡಾರಗಳು ಇದ್ದದ್ದು ಕಥೆಯಲ್ಲವಷ್ಟೆ? ಮಣ್ಣಿನ ಗೋಡೆಯ, ಹುಲ್ಲಿನ ಮಾಡಿನ, ಬಗ್ಗಿ ಒಳಹೋಗಬೇಕಾದ ಆ ಗುಡಿಸಲುಗಳಲ್ಲಿದ್ದವರೇ ಉಪ್ಪರಿಗೆಯ ಮನೆಗಳ ಗದ್ದೆ ಉತ್ತವರು, ಅಡಕೆ ಕೊಯ್ದವರು, ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿ ನೆಟ್ಟಿಗೆ ನಿಂತವರು. ಮರ ಮತ್ತು ಕಲ್ಲಿನ ಮನೆ ಕಾಲವನ್ನು ತಡೆದು ನಿಂತಿತು, ಹುಲ್ಲಿನ ಮನೆ ಒಂದೇ ಮಳೆಗಾಲದಲ್ಲಿ ಕರಗಿತು. ಆದ್ದರಿಂದ ನೋಡಲು ಉಳಿದಿರುವುದು ಗೌಡರ ಮನೆ ಮಾತ್ರ. ಕಾಲ ಮಾಡಿದ ಈ ಪಕ್ಷಪಾತವನ್ನು ಸರಿಪಡಿಸಿದವನು ಕವಿ. ನಮ್ಮ ಪ್ರವಾಸ ಅದನ್ನು ಮತ್ತೆ ಮೊದಲಿನ ಸ್ಥಿತಿಗೇ ತರುತ್ತಿದೆ. ಆನೆಯ ಬಿಡಾರಕ್ಕೆ ಕಾರ್ಯಕ್ರಮಪಟ್ಟಿಯಲ್ಲಿ ಸ್ಥಳವುಂಟು, ಆಳಿನ ಬಿಡಾರಕ್ಕೆ ಒಂದು ಮಾತಿನ ಸ್ಥಳವೂ ಇಲ್ಲ.

ಈ ಬಗೆಯ ಯಾತ್ರೆಗೆ ಆದರ್ಶವಾಗಿ ಇಂಗ್ಲೆಂಡಿನ ಸರೋವರ ಪ್ರಾಂತವನ್ನು ಹೆಸರಿಸುವುದು ವಾಡಿಕೆ. ವರ್ಡ್ಸ್‌ವರ್ತ್ ಕವಿ 1799ರಿಂದ 1808ರವರೆಗೆ ವಾಸವಾಗಿದ್ದ ಗ್ರಾಸ್ಮಿಯರ್‌ನ ಪುಟ್ಟ ಮನೆ ಡವ್ ಕಾಟೇಜನ್ನು 1890ರಲ್ಲಿಯೇ ಅಭಿಮಾನಿಗಳು ಕೊಂಡು ಸ್ಮಾರಕವಾಗಿ ಉಳಿಸಿದರು. ಆ ಪ್ರಾಂತಕ್ಕೆ ಕೈಪಿಡಿಯೊಂದನ್ನು ಸ್ವತಃ ಕವಿಯೇ ಬರೆದಿದ್ದ. ಅದು ಮೊದಲು 1810ರಲ್ಲಿ ಅವನ ಹೆಸರಿಲ್ಲದೆ ಪ್ರಕಟವಾಯಿತು. ಅದೇ ಕವಿ 1844ರಲ್ಲಿ ಕೆಂಡಲ್‌ನಿಂದ ವಿಂಡರ್ಮಿಯರ್‌ಗೆ ರೈಲು ಬರುತ್ತದೆಂದು ಕೇಳಿದಾಗ ಪ್ರತಿಭಟಿಸಿದ. ಬನ್ನಿ ಎಂದವನೇ ಹೀಗೆ ಬರಬೇಡಿ ಎಂದದ್ದು ಕೆಲವರಿಗೆ ಸ್ವಾರ್ಥವಾಗಿ ಕಂಡೀತು. ಬಡವರಿಗೂ ಬೆಟ್ಟ ನೋಡುವ ಹಕ್ಕಿದೆ ಎಂಬ ಉತ್ತರ ನ್ಯಾಯವಾದದ್ದೇ. ಆದರೂ ಕಾಲ್ನಡಿಗೆಯಲ್ಲಿ ಕಾಣುವುದು ವೇಗದಲ್ಲಿ ಕಾಣದು ಎಂಬ ಅವನ ಕಳವಳದಲ್ಲಿ ಸತ್ಯಾಂಶವಿತ್ತು.

ಆದರೆ ಈ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ವರ್ಡ್ಸ್‌ವರ್ತ್ ತಾನು ಹಾಡಿದ ಸರೋವರಗಳ ನಡುವೆಯೇ ಬಾಳಿದ. ಕುವೆಂಪು ತಾವು ಹಾಡಿದ ಮಲೆನಾಡಿನಿಂದ ದೂರವಾಗಿ ಬಾಳಿದರು. ವಿದ್ಯಾರ್ಥಿಯಾಗಿ ಮೈಸೂರಿಗೆ ಬಂದವರು 1929ರಲ್ಲಿ ಅಧ್ಯಾಪಕರಾದರು, ಮಹಾರಾಜ ಕಾಲೇಜಿನ ಪ್ರಾಂಶುಪಾಲರಾದರು, 1956ರಿಂದ 1960ರವರೆಗೆ ಕುಲಪತಿಗಳಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು. ರಜೆಗಳಲ್ಲಿ ಊರಿಗೆ ಬರುತ್ತಿದ್ದರೂ ಬಾಳಿನ ಬಹುಭಾಗ ಕಳೆದದ್ದು ಮೈಸೂರಿನಲ್ಲಿಯೇ. ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾದಾಗ ಅವರಿಗೆ ಅರವತ್ತು ದಾಟಿತ್ತು, ಮೈಸೂರಿನ ವಾಸಕ್ಕೆ ನಾಲ್ಕು ದಶಕ ತುಂಬಿತ್ತು. ಅದರಲ್ಲಿ ಸುರಿಯುವ ಮಳೆ ಒಂಟಿಕೊಪ್ಪಲಿನ ಮನೆಯಲ್ಲಿ ಕುಳಿತು ನೆನೆದ ಮಳೆ. ಅದರ ಕಾಡು ಕಣ್ಣೆದುರಿನ ಕಾಡಲ್ಲ, ಅಗಲಿದ ಮಗನ ಚಿತ್ತದಲ್ಲಿ ಬೆಳೆದ ಕಾಡು. ಕುಪ್ಪಳಿ ಬೀಜ ಬಿದ್ದ ನೆಲ, ಉದಯರವಿ ಅದು ಮರವಾದ ನೆಲ. ಆದ್ದರಿಂದ ಕುಪ್ಪಳಿಗೆ ಹೋಗುವ ವಿದ್ಯಾರ್ಥಿಗೆ ಮೈಸೂರಿನ ಮಾತನ್ನು ಹೇಳದಿದ್ದರೆ, ಕವಿತೆ ಎಂಬುದು ಬೆಟ್ಟ ನೋಡಿ ಬರೆದ ವರದಿ ಎಂಬ ತಪ್ಪು ತಿಳಿವಳಿಕೆಯನ್ನು ನಾವೇ ಕಲಿಸಿದಂತಾಗುತ್ತದೆ.

2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ನಾಡಿಗೆ ನಾಡೇ ನೊಂದಿತು; ಪತ್ರಿಕೆಗಳು ಬರೆದವು, ಪೊಲೀಸರು ಹುಡುಕಿದರು. ಅದು ಸಹಜ. ಆದರೆ ಪದಕಕ್ಕೆ ಪ್ರತಿ ಮಾಡಿಸಬಹುದು. ಕವಿ ಕಂಡ ಸಹಜ ಕಾಡಿನ ನೆಲದಲ್ಲಿ ಅಕೇಶಿಯಾ ನೆಡುತೋಪುಗಳು ಎದ್ದು, ಗದ್ದೆಬಯಲುಗಳು ಅಡಕೆ ತೋಟಗಳಾಗಿ, ಮಲೆನಾಡಿನ ಮುಖವೇ ಬದಲಾಗುತ್ತಿರುವುದರ ಮೇಲೆ ಯಾರು ದೂರು ಕೊಡಬೇಕು? ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಎಲ್ಲವೂ ಒಂದೇ ಹಸುರು. ಅದರಲ್ಲಿ ಯಾವುದು ಕವಿಯ ಹಸುರು, ಯಾವುದು ನಿನ್ನೆ ಮೊನ್ನೆ ನೆಟ್ಟದ್ದು ಎಂದು ಹೇಳಬಲ್ಲವನು ಅಲ್ಲಿಯ ಕೂಲಿಕಾರ, ಅಲ್ಲಿಯ ಮುದುಕಿ. ಅವರು ಮಾರ್ಗದರ್ಶಿಗಳಾಗಿಲ್ಲ.

ಏನಾದರೂ ಆಗಲಿ, ಹುಡುಗರು ಹೋಗುತ್ತಾರಲ್ಲ, ಒಂದು ಗಂಟೆಯಾದರೂ ಕವಿಯ ಹೆಸರು ಕಿವಿಗೆ ಬೀಳುತ್ತದಲ್ಲ ಎಂದು ಕೆಲವು ಮಿತ್ರರು ಹೇಳುತ್ತಾರೆ. ಸುತ್ತಲ ಊರುಗಳ ನಾಲ್ಕು ಮಂದಿಗೆ ಅದರಿಂದ ಜೀವನೋಪಾಯವೂ ಉಂಟು. ಈ ಮಾತುಗಳನ್ನು ನಾನು ಅಲ್ಲಗಳೆಯುವುದಿಲ್ಲ. ಪ್ರವಾಸ ನಿಲ್ಲಬೇಕೆಂಬುದು ನನ್ನ ವಾದವೂ ಅಲ್ಲ. ಅದು ಬಾಗಿಲೊಳಗೆ ಕರೆದೊಯ್ದಷ್ಟೇ ಶ್ರದ್ಧೆಯಿಂದ ಬಾಗಿಲ ಹೊರಗೂ ಕರೆದೊಯ್ಯಲಿ ಎಂಬುದಿಷ್ಟೇ ನನ್ನ ಬಿನ್ನಹ.

ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ಆನೆಯನ್ನೂ ಹಕ್ಕಿಯನ್ನೂ ಇನ್ನೊಂದು ದಿನಕ್ಕೆ ಇಟ್ಟುಕೊಂಡರೆ ಒಂದು ಇಡೀ ದಿನ ಕುಪ್ಪಳಿಗೇ ದೊರೆಯುತ್ತದೆ. ಕವಿಶೈಲಕ್ಕೆ ವಾಹನದಲ್ಲಿ ಏರದೆ ಕಾಲ್ನಡಿಗೆಯಲ್ಲಿ ಹೋಗಬಹುದು. ಮಲೆನಾಡಿನ ದಾರಿಯ ಉದ್ದ ಏನೆಂಬುದು ಗುತ್ತಿಗೆ ಗೊತ್ತಿದ್ದಂತೆ ನಮ್ಮ ಕಾಲಿಗೂ ಸ್ವಲ್ಪ ಗೊತ್ತಾಗಲಿ. ಮೇಲೆ ಕುಳಿತು ವಿದ್ಯಾರ್ಥಿಗಳೇ ಕಾದಂಬರಿಯಿಂದ ಎರಡು ಪುಟ ಓದಲಿ. ಮನೆಯೊಳಗಿನ ಪುಟ ಒಂದು, ಬಿಡಾರದ ಪುಟ ಒಂದು. ಊರಿನ ಹಿರಿಯ ಕೂಲಿಕಾರರೊಬ್ಬರನ್ನು ಗೌರವಧನ ಕೊಟ್ಟು ಕರೆಸಿ, ಮರಗಳ ಹೆಸರುಗಳನ್ನೂ ಹಿಂದಿನ ಬಿಡಾರದ ಬಾಳನ್ನೂ ಅವರ ಬಾಯಲ್ಲೇ ಕೇಳೋಣ. ಕವಿಮನೆಯ ಹೊರಗೆ ಎಲ್ಲಾದರೂ ಒಂದು ಹುಲ್ಲುಮಾಡಿನ ಬಿಡಾರವನ್ನು ಕಟ್ಟಿ, ಪ್ರತಿ ಮಳೆಗಾಲಕ್ಕೆ ಮೊದಲು ಹೊಸದಾಗಿ ಹೊದಿಸುವ ಏರ್ಪಾಡಾದರೆ ಇನ್ನೂ ಒಳ್ಳೆಯದು. ಉಪ್ಪರಿಗೆಯಿಂದ ಇಳಿದ ಹುಡುಗ ಅದರೊಳಗೆ ತಲೆಬಗ್ಗಿಸಿ ಹೋದಾಗ, ಉಪನ್ಯಾಸಕನಾಗಿ ನಾನು ಒಂದು ಗಂಟೆ ಹೇಳಿದರೂ ಆಗದ ವ್ಯಾಖ್ಯಾನ ತಾನೇ ಆಗುತ್ತದೆ.

ಕವಿ ಕೊನೆಗೆ ಒರಗಿರುವುದು ಯಾವ ಮನೆಯ ಮಾಡಿನ ಕೆಳಗೂ ಅಲ್ಲ. ಕವಿಶೈಲದ ಬಂಡೆಗಳ ಮೇಲೆ ಮಳೆಯೂ ಬಿಸಿಲೂ ನೇರವಾಗಿ ಬೀಳುತ್ತವೆ. ಮುಂದಿನ ಪ್ರವಾಸದ ಪಟ್ಟಿ ಸಿದ್ಧಪಡಿಸುವ ಅಧ್ಯಾಪಕಮಿತ್ರರು ಸಂಜೆಯ ಆಗುಂಬೆಯನ್ನು ಹೊಡೆದುಹಾಕಿ, ಆ ಹೊತ್ತನ್ನು ಈ ಬಂಡೆಗಳಿಗೆ ಕೊಡಲಿ. ಅಲ್ಲಿಯೂ ಸೂರ್ಯ ಅಸ್ತಮಿಸುತ್ತಾನೆ.