ಗುರುತು ಯಾರಿಗಾಗಿ?

ಪಾಶ್ಚಾತ್ಯ ಸ್ವರಲಿಪಿಯನ್ನು ಬರೆದುಕೊಂಡು, ಬರೆದುದನ್ನು ನುಡಿಸಿಯೂ ತೋರಿಸುವ ಮ್ಯೂಸ್‌ಸ್ಕೋರ್‌ನಂತಹ ತಂತ್ರಾಂಶಗಳು ಇಂದು ವಿದ್ಯಾರ್ಥಿಗಳ ಕೈಗೆಟುಕಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಯಂತ್ರವು ನುಡಿಸಿದ್ದೇ ಪ್ರಮಾಣವೆಂಬ ಭ್ರಮೆ ಸಲ್ಲದು. ಮೆಲ್ಲಗೆ, ಗಟ್ಟಿಯಾಗಿ ಎಂಬ ಭಾವಸೂಚಕ ಗುರುತುಗಳು ಯಂತ್ರಕ್ಕೆ ಕೇವಲ ಅಂಕೆಗಳು. 1983ರಲ್ಲಿ ರೂಪುಗೊಂಡ ಮಿಡಿ ಪದ್ಧತಿಯಲ್ಲಿ 1ರಿಂದ 127ರವರೆಗಿನ ಒಂದು ಸಂಖ್ಯೆಯು ಸ್ವರದ ಬಲವನ್ನು ಅದು ಹುಟ್ಟುವ ಕ್ಷಣದಲ್ಲಿಯೇ ನಿಶ್ಚಯಿಸುತ್ತದೆ. ಆದ್ದರಿಂದ ಪಿಟೀಲಿನ ಒಂದೇ ದೀರ್ಘಸ್ವರಕ್ಕೆ ಕ್ರೆಶೆಂಡೊ ಗುರುತಿಟ್ಟರೆ, ಬೇರೊಂದು ನಿಯಂತ್ರಕ ಆಜ್ಞೆಯಿಲ್ಲದೆ ಆ ಸ್ವರವು ಉಬ್ಬದು. ಆಗ ಗುರುತೇ ತಪ್ಪೆಂದು ಬಗೆದು ಅಳಿಸಿಬಿಡುವುದು ವಿಷಾದನೀಯ. ಗುರುತನ್ನು ಬರೆಯುವುದು ಯಂತ್ರಕ್ಕಲ್ಲ, ನಾಳೆ ಅದನ್ನು ಓದಿ ನುಡಿಸುವ ಮನುಷ್ಯನಿಗೆ. ಮರೆಯಲ್ಲಿರುವ ಅಂಕೆಗಳನ್ನು ಬೇಕಾದಂತೆ ತಿದ್ದಿರಿ. ಹಾಳೆಯ ಮೇಲಿನ ಗುರುತು ಮಾತ್ರ ನಿಮ್ಮ ಹೃದಯ ಒಪ್ಪಿದಂತೆಯೇ ಉಳಿಯಲಿ.